ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬ್ಯಾಲೆನ್ಸ್‌ಗೆ ವಿಆರ್ ಥೆರಪಿ: ಮಾಡಿಸಿದವರು ದಯವಿಟ್ಟು ಹೇಳಿ

ಚಿಲಿಪಿಲಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಎಂಟು ವರ್ಷ, ಡೌನ್ ಸಿಂಡ್ರೋಮ್ ಇದೆ. ನಡೆಯುತ್ತಾಳೆ, ಸ್ವಲ್ಪ ಓಡುತ್ತಾಳೆ ಕೂಡ. ಆದರೆ ಮೆಟ್ಟಿಲು ಇಳಿಯುವುದೆಂದರೆ ಭಯ. ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿಯುತ್ತಾಳೆ. ತಗ್ಗು ದಿಣ್ಣೆಯ ನೆಲ ಬಂದರೆ ಅಲ್ಲೇ ಕೂತುಬಿಡುತ್ತಾಳೆ. ಒಂಟಿ ಕಾಲಲ್ಲಿ ನಿಲ್ಲುವುದು ಇನ್ನೂ ಬಂದಿಲ್ಲ.

ಫಿಸಿಯೋಥೆರಪಿ ಬಹಳ ಕಾಲದಿಂದ ನಡೆಯುತ್ತಿದೆ. ಈಗೀಗ ಅವಳಿಗೆ ಅದು ಸಾಕಾಗಿದೆ. ಬ್ಯಾಲೆನ್ಸ್ ಹಲಗೆ ಕಂಡರೇ ಮುಖ ತಿರುಗಿಸುತ್ತಾಳೆ. ಥೆರಪಿಸ್ಟ್ ಮೊನ್ನೆ ವಿಆರ್ (ವರ್ಚುವಲ್ ರಿಯಾಲಿಟಿ) ಆಟಗಳನ್ನು ಸೇರಿಸೋಣ ಎಂದರು. ನನಗೆ ವಿಆರ್ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಅಷ್ಟೇ ಗೊತ್ತು. ಅವಳಿಗೆ ಕನ್ನಡಕ ಇದೆ. ಕುತ್ತಿಗೆ ಬಗ್ಗೆಯೂ ಹುಷಾರಾಗಿರಿ ಎಂದು ಮೊದಲಿಂದ ಕೇಳಿದ್ದೇವೆ. ಇದರಿಂದ ನಿಜವಾಗಿ ಉಪಯೋಗ ಆಗುತ್ತದಾ? ಪರದೆಯಲ್ಲಿ ಆಡಿದ್ದು ಮೆಟ್ಟಿಲ ಮೇಲೂ ಬರುತ್ತದಾ?

ನಡೆದಷ್ಟು ದಾರಿ
ನನ್ನ ಮಗನಿಗೆ ಈಗ ಹದಿಮೂರು. ಅವನಿಗೆ ವಿಆರ್ ಹೆಸರಲ್ಲಿ ಕೊಟ್ಟಿದ್ದು ಹೆಡ್‌ಸೆಟ್ ಅಲ್ಲ. ನೆಲದ ಮೇಲೆ ಒಂದು ಬ್ಯಾಲೆನ್ಸ್ ಬೋರ್ಡ್, ಎದುರಿಗೆ ದೊಡ್ಡ ಟಿವಿ. ನಿಂಟೆಂಡೊ ವೀ ಎಂಬ ಟಿವಿ ಗೇಮಿನದು. ಬೋರ್ಡಿನ ನಾಲ್ಕು ಮೂಲೆಯಲ್ಲಿ ನಾಲ್ಕು ಸೆನ್ಸರ್ ಇರುತ್ತವೆ. ಮೈಭಾರ ಎತ್ತ ವಾಲಿದೆ ಎಂದು ಅವು ಹಿಡಿಯುತ್ತವೆ. ಅದಕ್ಕೆ ತಕ್ಕ ಹಾಗೆ ಪರದೆಯ ಚಿತ್ರ ಆ ಕಡೆಗೆ ಜರುಗುತ್ತದೆ.

ಅವನಿಗೆ ಇಷ್ಟವಾದ ಆಟದಲ್ಲಿ ಒಂದು ಹಲಗೆ ಇರುತ್ತದೆ, ಅದರ ಮೇಲೆ ಗೋಲಿಗಳು. ನಾವು ವಾಲಿದ ಕಡೆ ಹಲಗೆ ವಾಲುತ್ತದೆ, ಗೋಲಿಯನ್ನು ತೂತಿಗೆ ಬೀಳಿಸಬೇಕು. ಶುರುವಿನಲ್ಲಿ ಅವನು ತಲೆ, ಭುಜ ಮಾತ್ರ ವಾಲಿಸುತ್ತಿದ್ದ, ಸೊಂಟ ಕದಲುತ್ತಲೇ ಇರಲಿಲ್ಲ. ಥೆರಪಿಸ್ಟ್ ಹಿಂದೆ ಕೂತು ಸೊಂಟಕ್ಕೆ ಎರಡೂ ಕೈ ಕೊಟ್ಟು ಭಾರ ಹೇಗೆ ದಾಟಿಸುವುದು ಎಂದು ತೋರಿಸಿದರು. ಆಮೇಲೆ ಕೈ ಸಡಿಲ ಮಾಡುತ್ತಾ ಬಂದರು. "ಬಲಗಾಲಿನ ಮೇಲೆ ಭಾರ ಹಾಕು" ಎಂದು ನಾವು ವರ್ಷಗಟ್ಟಲೆ ಹೇಳಿದ್ದು ತಲೆಗೆ ಹೋಗಿರಲಿಲ್ಲ. ಗೋಲಿ ಉರುಳಿದ್ದು ನೋಡಿ ತಾನೇ ಕಲಿತ.

ಮೆಟ್ಟಿಲ ಮೇಲೆ ಬಂತಾ ಎಂದು ಕೇಳಿದಿರಿ. ನಮ್ಮ ಹುಡುಗನಿಗೆ ನಿಂತಲ್ಲಿ ನಿಲ್ಲುವ ಧೈರ್ಯ ಬಂತು. ಪ್ಯಾಂಟ್ ಹಾಕಿಕೊಳ್ಳುವಾಗ ಗೋಡೆ ಬೇಡವಾಯಿತು. ಮೆಟ್ಟಿಲು ಮಾತ್ರ ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕಾಯಿತು. ಮರಳಲ್ಲಿ ನಡೆಯುವುದು ಈಗಲೂ ಕಷ್ಟವೇ.

ಎರಡು ಜಡೆ
ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಮಕ್ಕಳನ್ನು ಪರದೆಯಿಂದ ದೂರ ಇಡಿ ಎಂದು ಎಲ್ಲರೂ ಹೇಳುತ್ತಾರೆ. ಈಗ ಥೆರಪಿ ಹೆಸರಲ್ಲಿ ಮತ್ತೆ ಪರದೆಯ ಮುಂದೆ ನಿಲ್ಲಿಸಬೇಕಾ? ನನ್ನ ಮಗ ಮೊಬೈಲ್ ಹಿಡಿದರೆ ಬಿಡಿಸುವುದೇ ಒಂದು ಯುದ್ಧ. ಹೊರಗೆ ಮಣ್ಣಲ್ಲಿ, ಹುಲ್ಲಲ್ಲಿ ಓಡಾಡಿದರೆ ಬ್ಯಾಲೆನ್ಸ್ ತಾನಾಗಿಯೇ ಬರುವುದಿಲ್ಲವಾ? ಯಂತ್ರ ಯಾಕೆ?

ಮಕ್ಕಳ ಫಿಸಿಯೋ
ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬ್ಯಾಲೆನ್ಸ್ ಅನ್ನುವುದು ಕಾಲಿನ ಶಕ್ತಿ ಮಾತ್ರ ಅಲ್ಲ. ಕಣ್ಣು ಒಂದು ಸುದ್ದಿ ಕೊಡುತ್ತದೆ. ಕಿವಿಯ ಒಳಭಾಗ ಒಂದು ಸುದ್ದಿ ಕೊಡುತ್ತದೆ. ಪಾದ, ಕೀಲುಗಳಿಂದ ಇನ್ನೊಂದು ಬರುತ್ತದೆ. ಮೆದುಳು ಇವನ್ನೆಲ್ಲ ಜೋಡಿಸಿ, ಯಾವ ಸ್ನಾಯು ಯಾವಾಗ ಬಿಗಿಯಬೇಕು ಎಂದು ಹೇಳಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯು ಮೆತ್ತಗಿರುತ್ತದೆ. ಕೀಲು ಹಿಡಿದಿಡುವ ಲಿಗಮೆಂಟ್ ಸಡಿಲ. ಪಾದ ಚಪ್ಪಟೆ ಇರುವುದು ಜಾಸ್ತಿ. ಈ ಹೊಂದಾಣಿಕೆ ನೋಡಿಕೊಳ್ಳುವ ಕಿರುಮೆದುಳು ಗಾತ್ರದಲ್ಲೂ ಚಿಕ್ಕದು. ಅದಕ್ಕೇ ಈ ಮಕ್ಕಳು ನಡೆಯುವುದೇ ಸರಾಸರಿ ಎರಡು ವರ್ಷದ ಹೊತ್ತಿಗೆ. ಕೆಲವರು ಇನ್ನೂ ತಡ.

1985ರಲ್ಲಿ ಆನ್ ಶಮ್ವೇ-ಕುಕ್ ಮತ್ತು ಮಾರ್ಜೊರಿ ವುಲಾಕಾಟ್ ಎಂಬ ಸಂಶೋಧಕರು ಈ ಮಕ್ಕಳನ್ನು ಅಲುಗುವ ಹಲಗೆಯ ಮೇಲೆ ನಿಲ್ಲಿಸಿ ನೋಡಿದರು. ಹಲಗೆ ಜರುಗಿದಾಗ ಸ್ನಾಯುಗಳು ತಡವಾಗಿ ಎಚ್ಚೆತ್ತುಕೊಳ್ಳುತ್ತಿದ್ದವು. ಸ್ನಾಯು ಮೆತ್ತಗಿರುವುದೊಂದೇ ಕಾರಣ ಅಲ್ಲ, ಮೆದುಳಿನಿಂದ ಬರುವ ಹೊಂದಾಣಿಕೆಯೇ ನಿಧಾನ ಎಂದು ಅವರು ಹೇಳಿದರು. ನನ್ನ ಕೆಲಸಕ್ಕೆ ಇದು ಬಹಳ ದೊಡ್ಡ ಮಾತು. ಬರೀ ಶಕ್ತಿ ತುಂಬಿದರೆ ಸಾಲದು. ವಾಲುವುದು, ವಾಲಿದ್ದು ಗೊತ್ತಾಗುವುದು, ಸರಿಮಾಡಿಕೊಳ್ಳುವುದು, ಇದು ಸಾವಿರ ಸಲ ಆಗಬೇಕು.

ಸಾವಿರ ಸಲ ಮಾಡಲು ಯಾವ ಮಗುವಿಗೆ ಇಷ್ಟ? ಆಟ ಇಲ್ಲಿ ಕೆಲಸಕ್ಕೆ ಬರುತ್ತದೆ. ಇನ್ನೊಂದು ವಿಷಯ, ಈ ಮಕ್ಕಳಿಗೆ ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ಕಂಡದ್ದನ್ನು ಹಿಡಿಯುವುದು ಸುಲಭ. "ನಡೆದಷ್ಟು ದಾರಿ" ಅವರ ಮಗ ಗೋಲಿ ನೋಡಿ ಕಲಿತದ್ದು ಅದಕ್ಕೇ. ತನ್ನ ಭಾರ ಎಲ್ಲಿದೆ ಎಂಬುದು ಅವನಿಗೆ ಮೊದಲ ಸಲ ಕಣ್ಣಿಗೆ ಕಂಡಿತು.

ಎರಡು ಜಡೆ ಮೇಡಂ, ಕೂತು ನೋಡುವ ಪರದೆಯೂ ಇದೂ ಒಂದೇ ಅಲ್ಲ. ಇಲ್ಲಿ ಮೈ ಕದಲದಿದ್ದರೆ ಪರದೆಯೂ ಕದಲುವುದಿಲ್ಲ. ಆದರೆ ಮಣ್ಣು, ಹುಲ್ಲು ಬೇಕೇ ಬೇಕು ಎಂಬ ನಿಮ್ಮ ಮಾತು ನೂರಕ್ಕೆ ನೂರು ನಿಜ. ಬೋರ್ಡ್ ಸಮತಟ್ಟಾಗಿರುತ್ತದೆ, ನೆಲ ಹಾಗಿರುವುದಿಲ್ಲ. ಬೋರ್ಡ್ ಮೇಲೆ ಪಾದ ಇದ್ದಲ್ಲೇ ಇರುತ್ತದೆ. ಮೆಟ್ಟಿಲು ಇಳಿಯುವಾಗ ಒಂದು ಕಾಲು ಗಾಳಿಯಲ್ಲಿರುತ್ತದೆ, ಇನ್ನೊಂದು ಮೊಣಕಾಲು ನಿಧಾನವಾಗಿ ಮಡಚಬೇಕು. ಅದನ್ನು ಯಾವ ಗೋಲಿ ಆಟವೂ ಕಲಿಸುವುದಿಲ್ಲ. ಹೊರಗೆ ಬಿಟ್ಟರೆ ತಾನಾಗಿಯೇ ಬರುತ್ತದೆ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೂತುಬಿಡುವ ಮಗು ಹೊರಗೂ ಕೂತೇ ಇರುತ್ತದೆ. ಅದಕ್ಕೆ ಮೊದಲು ವಾಲಿದರೂ ಬೀಳುವುದಿಲ್ಲ ಎಂಬ ನಂಬಿಕೆ ಬರಬೇಕು.

ಚಿಲಿಪಿಲಿ
ತುಂಬಾ ಥ್ಯಾಂಕ್ಸ್ ಮೇಡಂ. ಕೂತುಬಿಡುವುದನ್ನು ನಾನು ಹಟ ಅಂದುಕೊಳ್ಳುತ್ತಿರಲಿಲ್ಲ, ಆದರೆ ಮನೆಯಲ್ಲಿ ಉಳಿದವರು ಹಾಗೇ ಹೇಳುತ್ತಾರೆ. ಇದನ್ನು ಓದಿ ಹೇಳುತ್ತೇನೆ. ಅಧ್ಯಯನಗಳು ಏನು ಹೇಳುತ್ತವೆ?

ಮಕ್ಕಳ ಫಿಸಿಯೋ
ನಾನು ಜಾಸ್ತಿ ನೆಚ್ಚುವುದು ತೈವಾನ್‌ನಲ್ಲಿ ಆದ, 2011ರಲ್ಲಿ ಬಂದ ಅಧ್ಯಯನ. ಡೌನ್ ಸಿಂಡ್ರೋಮ್ ಇರುವ 7ರಿಂದ 12 ವರ್ಷದ ಮಕ್ಕಳು. 105 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ಥೆರಪಿ), ಇನ್ನೊಂದಕ್ಕೆ ವೀ ಆಟಗಳು. 24 ವಾರ ನಡೆಯಿತು. ಮೈಕೈ ಚಲನೆಯ ಪರೀಕ್ಷೆಯಲ್ಲಿ ವೀ ಗುಂಪು ಮುಂದೆ ಬಂತು. ಬ್ಯಾಲೆನ್ಸ್ ಒಂದನ್ನೇ ಗುರಿಯಾಗಿಟ್ಟುಕೊಂಡ ಅಧ್ಯಯನಗಳು ಇದಕ್ಕಿಂತ ಚಿಕ್ಕವು. ಕೆಲವು ವಾರಗಳಲ್ಲಿ ಮುಗಿದಂಥವು. ಅವುಗಳಲ್ಲೂ ವೀ ಫಿಟ್ (ಆ ಬೋರ್ಡಿನ ಮೇಲೆ ನಿಂತು ಆಡುವ ವೀ ಆಟಗಳು) ಸೇರಿಸಿದ ಮಕ್ಕಳ ಬ್ಯಾಲೆನ್ಸ್ ಅಂಕ ಏರಿದ್ದು ಕಾಣುತ್ತದೆ.

ಇದರಲ್ಲಿ ಎರಡು ಸಂಗತಿ ಗಮನಿಸಿ. ಈ ಮಕ್ಕಳ ಮೇಲಿನ ಕೆಲಸ ಬಹುತೇಕ ಪರದೆ ಮತ್ತು ಬೋರ್ಡಿನದು, ಇಲ್ಲವೇ ಮೈಯ ಚಲನೆ ಹಿಡಿಯುವ ಎಕ್ಸ್‌ಬಾಕ್ಸ್ ಕಿನೆಕ್ಟ್ ಥರದ ಕ್ಯಾಮೆರಾದ್ದು. ಅದೇ ಫಲ ಹೆಡ್‌ಸೆಟ್‌ನಿಂದಲೂ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅದು ಬೇರೆ ಮಾತು. ಇನ್ನೊಂದು, ಆ ಮಕ್ಕಳು ಒಬ್ಬರೇ ಆಡಿದ್ದಲ್ಲ. ಪಕ್ಕದಲ್ಲಿ ಥೆರಪಿಸ್ಟ್ ಇದ್ದರು.

ಅಭ್ಯಾಸದ ಬಲಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಸಂಶೋಧಕ ಡೇಲ್ ಉಲ್ರಿಕ್ ಅವರ ತಂಡ ಡೌನ್ ಸಿಂಡ್ರೋಮ್ ಇರುವ ಕೂಸುಗಳನ್ನು ಮನೆಯಲ್ಲೇ ಪುಟ್ಟ ಟ್ರೆಡ್‌ಮಿಲ್ ಮೇಲೆ ಅಪ್ಪ ಅಮ್ಮ ಹಿಡಿದು ನಡೆಸುವ ಹಾಗೆ ಮಾಡಿತು. ದಿನಕ್ಕೆ ಎಂಟು ನಿಮಿಷ, ವಾರಕ್ಕೆ ಐದು ದಿನ. 2001ರಲ್ಲಿ ಫಲಿತಾಂಶ ಬಂತು. ಆ ಕೂಸುಗಳು ಉಳಿದವರಿಗಿಂತ 101 ದಿನ ಮೊದಲೇ ನಡೆದವು. ಅಲ್ಲಿ ಪರದೆಯೇ ಇರಲಿಲ್ಲ. ದಿನಾ ಚೂರುಚೂರು ಮಾಡಿದ್ದು ಮುಖ್ಯ.

ಕನ್ನಡಕದಂಗಡಿ ಅಲ್ಲ, ಕಣ್ಣು ಪರೀಕ್ಷೆ
ನಾನು ಆಪ್ಟೊಮೆಟ್ರಿಸ್ಟ್, ಕಣ್ಣು ಪರೀಕ್ಷೆ ಮಾಡುವ ಕೆಲಸ. ಹೆಡ್‌ಸೆಟ್ ಬಗ್ಗೆ ಮಾತ್ರ ಹೇಳುತ್ತೇನೆ.

ಡೌನ್ ಸಿಂಡ್ರೋಮ್ ಇರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂರು ಮಕ್ಕಳಿಗೆ ಹತ್ತಿರದ್ದನ್ನು ಸ್ಪಷ್ಟವಾಗಿ ನೋಡಲು ಕಣ್ಣು ಫೋಕಸ್ ಮಾಡುವ ಶಕ್ತಿ ಕಡಿಮೆ. ಅದಕ್ಕೇ ಎಷ್ಟೋ ಮಕ್ಕಳಿಗೆ ಮೇಲೆ ದೂರಕ್ಕೊಂದು, ಕೆಳಗೆ ಹತ್ತಿರಕ್ಕೊಂದು ಭಾಗ ಇರುವ ಬೈಫೋಕಲ್ ಕನ್ನಡಕದಿಂದ ಅನುಕೂಲವಾಗುತ್ತದೆ. ಮೆಳ್ಳೆಗಣ್ಣು, ಕಣ್ಣು ಅದುರುವುದು ಕೂಡ ಇವರಲ್ಲಿ ಜಾಸ್ತಿ. ಹೆಡ್‌ಸೆಟ್ ಒಳಗೆ ಚಿತ್ರ ಹತ್ತಿರ ಬಂದ ಹಾಗೆ, ದೂರ ಹೋದ ಹಾಗೆ ಕಾಣುತ್ತದೆ. ಆದರೆ ಲೆನ್ಸ್ ಒಂದೇ ದೂರಕ್ಕೆ ಹೊಂದಿಸಿಟ್ಟಿರುತ್ತದೆ. ಎರಡು ಕಣ್ಣು ಒಳಕ್ಕೆ ತಿರುಗಬೇಕು, ಫೋಕಸ್ ಮಾತ್ರ ಬದಲಾಗಬಾರದು. ದೊಡ್ಡವರಿಗೇ ತಲೆನೋವು ಬರುತ್ತದೆ, ಈ ಮಕ್ಕಳಿಗೆ ಕೇಳಬೇಕಾ?

ದೊಡ್ಡವರ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರ ಇರುತ್ತದೆ. ಹೆಡ್‌ಸೆಟ್ ಮಾಡಿರುವುದು ಅವರ ಮುಖಕ್ಕೆ. ಮಗುವಿನ ಮುಖಕ್ಕೆ ಅದು ಅಗಲವಾಗುತ್ತದೆ. ಮೂಗಿನ ಸೇತುವೆ ತಗ್ಗಿರುವುದರಿಂದ ಕನ್ನಡಕವೇ ಜಾರುವಾಗ ಹೆಡ್‌ಸೆಟ್ ನಿಲ್ಲುವುದು ಇನ್ನೂ ಕಷ್ಟ. ಮೆಟಾ ಕ್ವೆಸ್ಟ್ 3 ಎಂಬ ಹೆಡ್‌ಸೆಟ್‌ನ ತೂಕ 515 ಗ್ರಾಂ, ಅದೂ ಮುಖದ ಮುಂದೆ ತೂಗುತ್ತದೆ. ತಯಾರಕರೇ ವಯಸ್ಸಿನ ಮಿತಿ ಹಾಕಿದ್ದಾರೆ. ಮೆಟಾದವರು ಮೊದಲು 13 ಎನ್ನುತ್ತಿದ್ದರು, 2023ರಲ್ಲಿ ಪೋಷಕರ ಖಾತೆಯ ಮೂಲಕ 10ಕ್ಕೆ ಇಳಿಸಿದರು. ಪ್ಲೇಸ್ಟೇಷನ್ ವಿಆರ್‌ಗೆ 12. ಎಂಟು ವರ್ಷದ ನಿಮ್ಮ ಮಗಳಿಗೆ ಯಾರೂ ಹೆಡ್‌ಸೆಟ್ ಹಾಕಬಾರದು. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ದೊಡ್ಡ ಪರದೆ, ಅವಳ ಕಣ್ಣಿನ ಎತ್ತರಕ್ಕೆ ಇರಲಿ. ಕನ್ನಡಕ ಹಾಕಿಕೊಂಡೇ ಆಡಲಿ, ಹಿಂದಿನಿಂದ ಪಟ್ಟಿ ಕಟ್ಟಿ. ಬೈಫೋಕಲ್ ಇದ್ದರೆ ಅವಳು ಯಾವ ಭಾಗದಿಂದ ನೋಡುತ್ತಿದ್ದಾಳೆ ಎಂದು ಗಮನಿಸಿ. ಪರದೆ ತಗ್ಗಿನಲ್ಲಿದ್ದರೆ ಕೆಳಗಿನ ಭಾಗದಿಂದ ನೋಡಿ ಎಲ್ಲ ಮಸುಕಾಗುತ್ತದೆ.

ತಂಗಿಯ ಅಣ್ಣ
ನನ್ನ ತಂಗಿಗೆ ಡೌನ್ ಸಿಂಡ್ರೋಮ್ ಇದೆ, ಈಗ ದೊಡ್ಡವಳು. ಅವಳಿಗೆ ಒಂದು ಕಡೆ ಹೆಡ್‌ಸೆಟ್ ಹಾಕಿ ನೋಡಿದ್ದರು. ಅವಳು ಏನೂ ಹೇಳಲಿಲ್ಲ. ಸುಮ್ನೆ ನಿಂತಿದ್ದಳು, ಎಲ್ಲರೂ ಚೆನ್ನಾಗಿ ಹೊಂದಿಕೊಂಡಳು ಎಂದರು. ಮುಖ ಬಿಳಚಿಕೊಂಡು, ಹಣೆಯಲ್ಲಿ ಬೆವರು ಬಂದಿತ್ತು. ತಲೆ ಸುತ್ತುತ್ತಿದೆ ಎಂದು ಹೇಳಲು ಅವಳಿಗೆ ಮಾತು ಸಿಗಲಿಲ್ಲ ಅಷ್ಟೇ. ಮಾತು ಕಡಿಮೆ ಇರುವ ಮಕ್ಕಳ ಅಪ್ಪ ಅಮ್ಮ ದಯವಿಟ್ಟು ಇದನ್ನು ನೆನಪಿಡಿ. ಆಕಳಿಕೆ, ಇದ್ದಕ್ಕಿದ್ದಂತೆ ಸುಮ್ಮನಾಗುವುದು, ಕಣ್ಣು ಉಜ್ಜುವುದು, ಇವೇ ಅವರ ದೂರು.

ನಾನು ಸಾಫ್ಟ್‌ವೇರ್ ಕೆಲಸದವನು, ಆಟ ಆರಿಸುವುದರ ಬಗ್ಗೆ ಸ್ವಲ್ಪ ಹೇಳಬಹುದು. ಅಂಗಡಿಯ ಆಟಗಳು ಚುರುಕಾದ ಮಕ್ಕಳಿಗೆಂದು ಮಾಡಿದವು. ಸೋತಾಗ ಜೋರು ಸದ್ದು, ಬೇಸರದ ಮುಖ. ನನ್ನ ತಂಗಿ ಎರಡು ಸಲ ಆ ಸದ್ದು ಕೇಳಿದರೆ ಬೋರ್ಡಿನಿಂದ ಇಳಿದುಬಿಡುತ್ತಿದ್ದಳು. ನಿಧಾನ ಮಾಡಲು ಆಗುವ ಆಟ ಹುಡುಕಿ. ಟಿವಿಯ ಸದ್ದು ಪೂರ್ತಿ ತೆಗೆದು ನೀವೇ ಪಕ್ಕದಲ್ಲಿ ನಿಂತು ಮಾತಾಡಿ. ವೀ ಫಿಟ್ ಶುರುವಿನಲ್ಲಿ ತೂಕ ಅಳೆದು ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಎನ್ನುವ ಅಂಕಿ) ಹೇಳುತ್ತದೆ. ಅದನ್ನು ಮಗುವಿನ ಎದುರು ತೋರಿಸುವುದೇ ಬೇಡ.

ಎರಡು ಜಡೆ ಅಕ್ಕ, ನಿಲ್ಲಿಸುವಾಗಿನ ಗಲಾಟೆ ನಮಗೂ ಇತ್ತು. ಶುರು ಮಾಡುವ ಮೊದಲೇ ಚಿತ್ರದ ಕಾರ್ಡ್ ಇಡುತ್ತಿದ್ದೆವು. ಆಟ, ಆಟ, ನೀರು, ಹೊರಗೆ. ಒಂದೊಂದು ಮುಗಿದ ಹಾಗೆ ಅವಳೇ ಕಾರ್ಡ್ ತಿರುಗಿಸುತ್ತಿದ್ದಳು. ಮುಂದೆ ಏನು ಎಂದು ಕಂಡರೆ ಬಿಡುವುದು ಸುಲಭವಾಗುತ್ತಿತ್ತು.

ಎರಡು ಜಡೆ
ಕಾರ್ಡ್ ಉಪಾಯ ಚೆನ್ನಾಗಿದೆ, ಅದನ್ನು ಮೊಬೈಲ್‌ಗೂ ಬಳಸುತ್ತೇನೆ. ಫಿಸಿಯೋ ಮೇಡಂ, ಕುತ್ತಿಗೆ ಬಗ್ಗೆ ನೀವು ಇನ್ನೂ ಹೇಳಲಿಲ್ಲ. ನನಗೆ ಅದೇ ದೊಡ್ಡ ಭಯ.

ಮಕ್ಕಳ ಫಿಸಿಯೋ
ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಲಿಗಮೆಂಟ್ ಸಡಿಲ ಇರಬಹುದು. ಎಕ್ಸ್‌ರೇ ತೆಗೆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಲ್ಲಿ ಈ ಸಡಿಲ ಕಾಣುತ್ತದೆ. ಅದರಿಂದ ನರದ ಹುರಿ ಒತ್ತಿ ತೊಂದರೆ ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಲಕ್ಷಣ ಇಲ್ಲದ ಮಕ್ಕಳಿಗೆಲ್ಲ ಎಕ್ಸ್‌ರೇ ತೆಗೆಯಿರಿ ಎಂದು ಹೇಳುವುದಿಲ್ಲ. ಲಕ್ಷಣಗಳನ್ನು ಪ್ರತಿ ಭೇಟಿಯಲ್ಲೂ ಕೇಳಿ, ನೋಡಿ ಎನ್ನುತ್ತದೆ.

ಲಕ್ಷಣ ಇವು. ಕುತ್ತಿಗೆ ನೋವು, ತಲೆ ಒಂದು ಕಡೆ ವಾಲಿಸಿಕೊಂಡೇ ಇರುವುದು, ನಡಿಗೆ ಬದಲಾಗುವುದು, ಕೈಕಾಲು ಸೋಲುವುದು, ಮೊದಲು ಹಿಡಿತ ಇದ್ದ ಮೂತ್ರ, ಮಲದ ಮೇಲೆ ಈಗ ಹಿಡಿತ ತಪ್ಪುವುದು. ಇವುಗಳಲ್ಲಿ ಒಂದು ಕಂಡರೂ ಆಟ, ವ್ಯಾಯಾಮ ಎಲ್ಲ ನಿಲ್ಲಿಸಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಆಟದಲ್ಲಿ ಏನು ನೋಡಬೇಕು ಎಂದರೆ, ವಾಲುವುದು ಸೊಂಟ ಮತ್ತು ಕಾಲಿನಿಂದ ಆಗಬೇಕು, ಕುತ್ತಿಗೆಯಿಂದ ಅಲ್ಲ. ವೀ ಫಿಟ್‌ನಲ್ಲಿ ಫುಟ್‌ಬಾಲ್‌ಗೆ ತಲೆ ಕೊಡುವ ಆಟ ಒಂದಿದೆ. ಬೋರ್ಡ್ ಅಳೆಯುವುದು ಮೈಭಾರವನ್ನೇ, ಆದರೂ ಮಕ್ಕಳು ಖುಷಿಯಲ್ಲಿ ತಲೆಯನ್ನು ಜೋರಾಗಿ ಬೀಸುತ್ತಾರೆ. ಆ ಆಟವನ್ನು ನಾನು ಹಾಕುವುದೇ ಇಲ್ಲ. ಪೆಂಗ್ವಿನ್ ಜಾರುವ ಆಟ, ಹಲಗೆ ವಾಲಿಸುವ ಆಟ ಸಾಕು.

ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹೃದಯದ ತೊಂದರೆಯೊಂದಿಗೆ ಹುಟ್ಟುತ್ತಾರೆ. ಆಪರೇಷನ್ ಆಗಿದ್ದರೆ ಹೃದಯದ ಡಾಕ್ಟರನ್ನು ಒಂದು ಮಾತು ಕೇಳಿ. ಫಿಟ್ಸ್ ಇದ್ದರೆ ಮಿನುಗುವ ಪರದೆಯ ಬಗ್ಗೆ ನರರೋಗ ತಜ್ಞರನ್ನು ಕೇಳಿ.

ಚಿಲಿಪಿಲಿ ಅವರೇ, ಇನ್ನೊಂದು ಕೆಲಸ ಮೊದಲು ಮಾಡಿ. ಕಿವಿ ತೋರಿಸಿದ್ದೀರಾ? ಕಿವಿಯ ನಡುಭಾಗದಲ್ಲಿ ನೀರು ತುಂಬುವುದು ಈ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಕೇಳಿಸುವುದೂ ಕಡಿಮೆಯಾಗುತ್ತದೆ, ಬ್ಯಾಲೆನ್ಸೂ ಕೆಡುತ್ತದೆ. ಥೈರಾಯ್ಡ್ ಕಡಿಮೆಯಾದರೆ ಸ್ನಾಯು ಇನ್ನೂ ಮೆತ್ತಗಾಗುತ್ತದೆ, ಮಗು ಬೇಗ ಸುಸ್ತಾಗುತ್ತದೆ. ಅದನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಇವೆರಡನ್ನೂ ಬಿಟ್ಟು ಬೋರ್ಡ್ ಹತ್ತಿಸಿದರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ.

ಚಿಲಿಪಿಲಿ
ಥೈರಾಯ್ಡ್ ನೋಡಿಸಿದ್ದೇವೆ, ಮಾತ್ರೆ ನಡೆಯುತ್ತಿದೆ. ಕಿವಿ ನೋಡಿಸಿ ಬಹಳ ದಿನ ಆಯಿತು. ಅದನ್ನು ಮೊದಲು ಮಾಡುತ್ತೇನೆ. ಆಮೇಲೆ ಉಪಯೋಗ ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಆಟದಲ್ಲಿ ಅಂಕ ಏರಿದರೆ ಸಾಕಾ?

ಮಕ್ಕಳ ಫಿಸಿಯೋ
ಸಾಲದು. ಮಗು ಆಟವನ್ನು ಕಲಿತರೂ ಅಂಕ ಏರುತ್ತದೆ. ಶುರು ಮಾಡುವ ಮೊದಲು ಥೆರಪಿಸ್ಟ್ ಹತ್ತಿರ ಪೀಡಿಯಾಟ್ರಿಕ್ ಬ್ಯಾಲೆನ್ಸ್ ಸ್ಕೇಲ್ ಮಾಡಿಸಿ. ಅದರಲ್ಲಿ 14 ಕೆಲಸ ಇರುತ್ತವೆ, ಒಟ್ಟು 56 ಅಂಕ. ಕುರ್ಚಿಯಿಂದ ಏಳುವುದು, ತಿರುಗುವುದು, ನೆಲದಿಂದ ವಸ್ತು ಎತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಇಂಥವು. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು ಬೇಕು ಎಂದೂ ನೋಡುತ್ತಾರೆ. ಆಟ ಶುರುವಾಗಿ ಕೆಲವು ವಾರ ಕಳೆದ ಮೇಲೆ ಇವನ್ನೇ ಮತ್ತೆ ಮಾಡಿಸಿ.

ಮನೆಯಲ್ಲಿ ನೀವು ಒಂದೇ ಮೆಟ್ಟಿಲು, ಒಂದೇ ಚಪ್ಪಲಿ, ಒಂದೇ ಹೊತ್ತು ಇಟ್ಟುಕೊಂಡು ವಿಡಿಯೋ ತೆಗೆಯಿರಿ. ಕಂಬಿಯನ್ನು ಎಷ್ಟು ಬಿಗಿ ಹಿಡಿಯುತ್ತಾಳೆ ಎಂದು ನೋಡಿ. ಅಂಕಕ್ಕಿಂತ ನನಗೆ ಅದೇ ಜಾಸ್ತಿ ಹೇಳುತ್ತದೆ.

ನಡೆದಷ್ಟು ದಾರಿ
ಚಪ್ಪಲಿ ಅಂದಾಗ ನೆನಪಾಯಿತು. ನನ್ನ ಮಗ ಪಾದಕ್ಕೆ ಆಧಾರದ ಬ್ರೇಸ್ ಹಾಕುತ್ತಾನೆ. ಬೋರ್ಡ್ ಮೇಲೆ ಬರಿಗಾಲಲ್ಲಿ ನಿಲ್ಲಬೇಕು ಎನ್ನುತ್ತಾರೆ. ನಮ್ಮ ಥೆರಪಿಸ್ಟ್ ಸ್ವಲ್ಪ ಹೊತ್ತು ಬ್ರೇಸ್ ಸಹಿತ, ಸ್ವಲ್ಪ ಹೊತ್ತು ಬರಿಗಾಲಲ್ಲಿ ಆಡಿಸಿದರು. ಬರಿಗಾಲಲ್ಲಿ ಪಾದ ಒಳಕ್ಕೆ ಕುಸಿಯುತ್ತಿದ್ದರೆ ಆಗಲೇ ನಿಲ್ಲಿಸುತ್ತಿದ್ದರು. ಕಾಲುಚೀಲ ಮಾತ್ರ ಹಾಕಬೇಡಿ, ಜಾರುತ್ತದೆ.

ಇನ್ನೊಂದು ಮಾತು. ವೀ, ಕಿನೆಕ್ಟ್ ಎರಡನ್ನೂ ಈಗ ತಯಾರಿಸುವುದಿಲ್ಲ. ಹಳೆಯದು ಕೊಂಡರೆ ಬೋರ್ಡಿನ ನಾಲ್ಕು ಮೂಲೆಯಲ್ಲೂ ನೀವೇ ನಿಂತು ನೋಡಿ. ಒಂದು ಮೂಲೆ ಸತ್ತಿದ್ದರೆ ಮಗು ಎಷ್ಟು ಸರಿಯಾಗಿ ವಾಲಿದರೂ ಪರದೆ ತಪ್ಪು ಎನ್ನುತ್ತದೆ.

ಚಿಲಿಪಿಲಿ
ಇದು ಯಾರೂ ಹೇಳದ ವಿಷಯ, ಥ್ಯಾಂಕ್ಸ್ ಸರ್. ನಾನು ಹೀಗೆ ಅಂದುಕೊಂಡಿದ್ದೇನೆ. ಕಿವಿ ತೋರಿಸುವುದು, ಬ್ಯಾಲೆನ್ಸ್ ಪರೀಕ್ಷೆ ಮಾಡಿಸುವುದು, ಹೆಡ್‌ಸೆಟ್ ಬೇಡ, ಬೋರ್ಡ್ ಇರಲಿ ಎಂದು ಥೆರಪಿಸ್ಟ್‌ಗೆ ಹೇಳುವುದು. ಮೆಟ್ಟಿಲ ಅಭ್ಯಾಸ ಬಿಡುವುದಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಅವಳ ತಮ್ಮನಿಗೆ ಐದು ವರ್ಷ. ಅವನೂ ಹತ್ತುತ್ತೇನೆ ಎಂದು ಹಟ ಮಾಡುತ್ತಾನೆ. ಅವನು ಎಲ್ಲದರಲ್ಲೂ ಅವಳಿಗಿಂತ ಬೇಗ. ಅವನನ್ನು ದೂರ ಇಡಬೇಕಾ?

ತಂಗಿಯ ಅಣ್ಣ
ದೂರ ಇಡಬೇಡಿ ಅಕ್ಕ. ನಾನು ಆ ತಮ್ಮನ ಜಾಗದಲ್ಲಿ ಬೆಳೆದವನು. ನನ್ನನ್ನು ಆಚೆ ಕಳಿಸಿದ ದಿನ ಅವಳಿಗೂ ಆಟ ಬೇಡವಾಗುತ್ತಿತ್ತು. ಆದರೆ ಒಬ್ಬರ ಅಂಕ ಇನ್ನೊಬ್ಬರ ಎದುರು ಇಡುವ ಆಟ ಬೇಡ. ಬೋರ್ಡ್ ಇಬ್ಬರ ಭಾರ ಸೇರಿಸಿ ಓದುತ್ತದೆ, ಹಾಗಾಗಿ ಒಬ್ಬರಾದ ಮೇಲೆ ಒಬ್ಬರು. ಅವಳ ಸರದಿಯಲ್ಲಿ ಅವನು ಪರದೆಯ ಪಕ್ಕ ನಿಂತು ಗೋಲಿ ಯಾವ ಕಡೆ ಹೋಗಬೇಕು ಎಂದು ಕೈ ತೋರಿಸಲಿ. ಬಾಯಿಂದ ಹೇಳುವುದಕ್ಕಿಂತ ಅದು ಅವಳಿಗೆ ಬೇಗ ಹಿಡಿಯುತ್ತದೆ.

ಮಕ್ಕಳ ಫಿಸಿಯೋ
ಇದಕ್ಕೆ ನನ್ನ ಒಪ್ಪಿಗೆ ಇದೆ. ಅವನಿಗೆ ಒಂದು ಮಾತು ಮಾತ್ರ ಮೊದಲೇ ಹೇಳಿ. ಅಕ್ಕ ಬೋರ್ಡ್ ಮೇಲೆ ಇದ್ದಾಗ ಅವಳನ್ನು ಮುಟ್ಟುವ ಹಾಗಿಲ್ಲ. ಹಿಡಿಯುವ ಕೈ ದೊಡ್ಡವರದ್ದೇ ಇರಬೇಕು. ನೀವು ಅವಳ ಹಿಂದೆ, ಸ್ವಲ್ಪ ಪಕ್ಕಕ್ಕೆ, ಕೈ ಸೊಂಟದ ಹತ್ತಿರ ಇಟ್ಟು ನಿಲ್ಲಿ. ಬೋರ್ಡಿನ ಸುತ್ತ ಮೇಜು, ಕುರ್ಚಿ ಇರಬಾರದು. ಕಿವಿಯ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ, ಪರೀಕ್ಷೆಯ ಅಂಕ ನೋಡಿ ಯಾವ ಆಟದಿಂದ ಶುರು ಮಾಡಬಹುದು ಎಂದು ಹೇಳುತ್ತೇನೆ.